ಗಣಿತ ಕಾಯಕಯೋಗಿ ಕಾರ್ಲ್ ಫ್ರೀಡ್ರಿಶ್ ಗೌಸ್

ವಿಶ್ವದ ಗಣಿತ ಪರಂಪರೆಯಲ್ಲಿ ಆರ್ಕಿಮಿಡೀಸ್, ನ್ಯೂಟನ್ ಮೊದಲಾದವರ ಸಾಲಿನಲ್ಲಿ ಗೌರವದಿಂದ ಸ್ಮರಿಸಲ್ಪಡುವ ಹೆಸರು ಜರ್ಮನಿಯ ಕಾರ್ಲ್ ಫ್ರೀಡ್ರಿಶ್ ಗೌಸ್ ಅವರದು. ಸಂಖ್ಯಾಸಿದ್ಧಾಂತ, ಜ್ಯಾಮಿತಿ, ಖಗೋಲಶಾಸ್ತ್ರ, ಭೂಮಾಪನ, ಕಾಂತಶಾಸ್ತ್ರ ಇವೆಲ್ಲವೂ ಅವರ ಪ್ರತಿಭೆಯ ಸ್ಪರ್ಶದಿಂದ ಹೊಸ ರೂಪ ತಳೆದವು. ಆದರೆ ಇಂದು ವೈದ್ಯಕೀಯ ಸಂಶೋಧನೆ ಮೊದಲ್ಗೊಂಡು ಕೃಷಿ ಪ್ರಯೋಗದವರೆಗೆ ಪ್ರತಿನಿತ್ಯ ಬಳಕೆಯಾಗುತ್ತಿರುವುದು ಅವರ ಬೇರೊಂದು ಕೊಡುಗೆ. ದೋಷಗಳಿಂದ ಕೂಡಿದ ಅನೇಕ ಅಳತೆಗಳನ್ನು ಒಟ್ಟುಗೂಡಿಸಿ ಸತ್ಯಕ್ಕೆ ಅತಿ ಸಮೀಪವಾದ ಉತ್ತರವನ್ನು ಪಡೆಯುವುದು, ಮೊದಲ ಉತ್ತರ ಸಾಲದಾದರೆ ಅದನ್ನೇ ತಿದ್ದಿ ತಿದ್ದಿ ಒಂದು ನೆಲೆಗೆ ತರುವುದು, ಈ ವಿದ್ಯೆಗೆ ಭದ್ರವಾದ ತಳಹದಿಯನ್ನು ಹಾಕಿದವರಲ್ಲಿ ಅವರು ಅಗ್ರಗಣ್ಯರು. ಹಾಗೆ ತಿದ್ದುತ್ತ ಹೋದ ಲೆಕ್ಕ ನೆಲೆಗೆ ಬಾರದೆ ದಿಕ್ಕುಗೆಟ್ಟಾಗ ಮಾಡಬೇಕಾದುದೇನು ಎಂಬ ಪ್ರಶ್ನೆಗೂ ಅವರ ಜೀವನಕಾರ್ಯದಲ್ಲಿ ಉತ್ತರ ದೊರೆಯುತ್ತದೆ.

ಗೌಸರು ಜನಿಸಿದ್ದು 1777ರ ಏಪ್ರಿಲ್ 30ರಂದು, ಬ್ರೌನ್‌ಶ್ವೈಗ್ ನಗರದ ಒಂದು ಬಡ ಕುಟುಂಬದಲ್ಲಿ. ತಂದೆ ಗೆಬ್‌ಹಾರ್ಡ್ ಡೀಟ್ರಿಶ್ ಇಟ್ಟಿಗೆ ಕಟ್ಟುವ ಕೆಲಸ, ತೋಟದ ಕೆಲಸ ಮೊದಲಾದ ಕಷ್ಟದ ದುಡಿಮೆಗಳಿಂದ ಸಂಸಾರವನ್ನು ಸಾಗಿಸುತ್ತಿದ್ದರು. ತಾಯಿ ಡೊರೊಥಿಯಾ ಅವರಿಗೆ ಬರೆಯಲು ಬರುತ್ತಿರಲಿಲ್ಲ. ಮಗ ಹುಟ್ಟಿದ ತಾರೀಖನ್ನು ಆ ತಾಯಿ ಬರೆದಿಟ್ಟಿರಲಿಲ್ಲ. ಏಸುವಿನ ಸ್ವರ್ಗಾರೋಹಣದ ಹಬ್ಬಕ್ಕೆ ಎಂಟು ದಿನ ಮುಂಚಿನ ಬುಧವಾರ ಎಂಬುದಷ್ಟೇ ಆಕೆಯ ನೆನಪು. ಮುಂದೆ ಗೌಸರು ಯಾವುದೇ ವರ್ಷದ ಈಸ್ಟರ್ ಹಬ್ಬದ ದಿನವನ್ನು ಕಂಡುಹಿಡಿಯುವ ಸೂತ್ರವನ್ನು ರಚಿಸಿ 1800ರಲ್ಲಿ ಪ್ರಕಟಿಸಿದರು. ಆ ಸೂತ್ರದಿಂದ ತಾಯಿಯ ನೆನಪು ಏಪ್ರಿಲ್ 30ಕ್ಕೇ ಸರಿಯಾಗಿ ಹೊಂದುತ್ತದೆ. ಅಸ್ಪಷ್ಟವಾದ ನೆನಪೊಂದರಿಂದ ನಿಖರವಾದ ದಿನವನ್ನು ಹೊರತೆಗೆಯುವ ಈ ಬಗೆಯ ಸಾಮರ್ಥ್ಯವೇ ಅವರ ಮುಂದಿನ ಬಾಳಿನ ಸಾರವೆನ್ನಬಹುದು.

ಏಳನೆಯ ವಯಸ್ಸಿನಲ್ಲಿ ಬಾಲಕ ಗೌಸ್ ಊರಿನ ಶಾಲೆಗೆ ಸೇರಿದನು. ಅಲ್ಲಿಯ ಉಪಾಧ್ಯಾಯರಾದ ಬ್ಯೂಟ್ನರ್ ಬಹಳ ಬಿಗಿ ಸ್ವಭಾವದವರು. ಒಮ್ಮೆ ಅವರು ಮಕ್ಕಳಿಗೆ ಒಂದು ಉದ್ದವಾದ ಸಂಕಲನದ ಲೆಕ್ಕ ಕೊಟ್ಟಾಗ ಗೌಸ್ ಕ್ಷಣಮಾತ್ರದಲ್ಲಿ ಉತ್ತರ ಬರೆದು ಹಲಗೆಯನ್ನು ಮೇಜಿನ ಮೇಲಿಟ್ಟನೆಂದು ಪ್ರತೀತಿ. ಲೆಕ್ಕ 1ರಿಂದ 100ರವರೆಗಿನ ಸಂಖ್ಯೆಗಳ ಮೊತ್ತವೆಂದೂ ಉತ್ತರ 5050 ಎಂದೂ ಮುಂದಿನವರು ಕಥೆಯನ್ನು ಬೆಳೆಸಿದರು. ಕಥೆಗಿಂತ ಮುಖ್ಯವಾದುದು ಆ ಉಪಾಧ್ಯಾಯರು ಅನಂತರ ಮಾಡಿದ ಕೆಲಸ. ಶಿಷ್ಯನು ತಮ್ಮನ್ನು ಮೀರಿಸಿದನೆಂದು ಅವರು ಕರುಬಲಿಲ್ಲ. ಹ್ಯಾಂಬರ್ಗಿನಿಂದ ಮೇಲ್ಮಟ್ಟದ ಅಂಕಗಣಿತದ ಪುಸ್ತಕವನ್ನು ತರಿಸಿಕೊಟ್ಟರು. ಸಂಜೆಯ ಹೊತ್ತು ನಾರು ನೂಲಬೇಕಾಗಿದ್ದ ಮಗನಿಗೆ ಓದಲು ಬಿಡುವು ದೊರೆಯುವಂತೆ ತಂದೆಯನ್ನು ಒಪ್ಪಿಸಿದರು. ಶಾಲೆಯ ಸಹಾಯಕರಾಗಿದ್ದ ಮಾರ್ಟಿನ್ ಬಾರ್ಟೆಲ್ಸ್ ಎಂಬ ತರುಣರು ಬಾಲಕನೊಡನೆ ತಾವೂ ಕುಳಿತು ಬೀಜಗಣಿತವನ್ನು ಅಭ್ಯಾಸ ಮಾಡಿದರು. ಇದೇ ಬಾರ್ಟೆಲ್ಸರು ಮುಂದೆ ರಷ್ಯಾದ ಕಜಾನ್ ವಿಶ್ವವಿದ್ಯಾಲಯದಲ್ಲಿ ಲೊಬಚೆವ್‌ಸ್ಕಿಯವರಿಗೆ ಗುರುಗಳಾದರೆಂಬುದು ಗಮನಾರ್ಹ.

ಬಾಲಕನ ಪ್ರತಿಭೆಯ ಸುದ್ದಿ ಅರಮನೆಯನ್ನು ಮುಟ್ಟಿತು. 1791ರಲ್ಲಿ ಬ್ರೌನ್‌ಶ್ವೈಗ್‌ನ ದೊರೆ ಕಾರ್ಲ್ ವಿಲ್‌ಹೆಲ್ಮ್ ಫರ್ಡಿನಾಂಡ್ ಅವನನ್ನು ಕರೆಸಿಕೊಂಡು ವಿದ್ಯಾಭ್ಯಾಸದ ಭಾರವನ್ನು ವಹಿಸಿಕೊಂಡರು. ಆ ಆಶ್ರಯದಲ್ಲಿ ಗೌಸರು ಊರಿನ ಕಾಲೇಜಿನಲ್ಲಿಯೂ 1795ರಿಂದ 1798ರವರೆಗೆ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿಯೂ ಓದಿದರು. 1796ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮೊದಲೇ, ಹದಿನೇಳು ಭುಜಗಳ ಸಮಭುಜಾಕೃತಿಯನ್ನು ಅಳತೆಪಟ್ಟಿ ಮತ್ತು ಕೈವಾರಗಳಿಂದ ರಚಿಸಬಹುದೆಂದು ಸಾಧಿಸಿದರು. 1799ರಲ್ಲಿ ಹೆಲ್ಮ್‌ಸ್ಟೆಡ್ಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿ ಪಡೆದರು. 1801ರಲ್ಲಿ ಪ್ರಕಟವಾದ ಸಂಖ್ಯಾಸಿದ್ಧಾಂತದ ಮಹಾಗ್ರಂಥವನ್ನು ತಮ್ಮ ಆಶ್ರಯದಾತರಿಗೇ ಅರ್ಪಿಸಿದರು. ಗುರುಗಳ ಔದಾರ್ಯ ಮತ್ತು ದಾನಿಯ ದಾಸೋಹಬುದ್ಧಿ ಒಂದುಗೂಡಿದಾಗ ಬಡವನ ಮನೆಯ ದೀಪ ಲೋಕಕ್ಕೆ ಬೆಳಕಾಗುವುದೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ.

ಅದೇ 1801ರ ಜನವರಿ 1ರಂದು ಸಿಸಿಲಿ ದ್ವೀಪದ ಪಲೆರ್ಮೊ ವೀಕ್ಷಣಾಲಯದಲ್ಲಿ ಪಿಯಾಟ್ಸಿ ಎಂಬ ಖಗೋಲಜ್ಞರು ಹೊಸದೊಂದು ಕಾಯವನ್ನು ಕಂಡರು. ಅದೇ ಸಿರಿಸ್. ಫೆಬ್ರವರಿ 11ರವರೆಗೆ ಅದನ್ನು ಅವರು ವೀಕ್ಷಿಸಿದರು. ಆ ಬಳಿಕ ಅದು ಸೂರ್ಯನ ಪ್ರಭೆಯಲ್ಲಿ ಮರೆಯಾಯಿತು. 41 ದಿನಗಳ ಆ ಅವಧಿಯಲ್ಲಿ ಅದು ಆಕಾಶದಲ್ಲಿ ಕ್ರಮಿಸಿದ ದಾರಿ ಅತ್ಯಲ್ಪ. ಅಷ್ಟು ಚಿಕ್ಕ ತುಣುಕಿನಿಂದ ಇಡೀ ಕಕ್ಷೆಯನ್ನು ಊಹಿಸಿ, ತಿಂಗಳುಗಳ ಅನಂತರ ಅದು ಎಲ್ಲಿ ಕಾಣಿಸಿಕೊಳ್ಳುವುದೆಂದು ಹೇಳುವುದು ಯೂರೋಪಿನ ಖಗೋಲಜ್ಞರಿಗೆಲ್ಲ ಸವಾಲಾಯಿತು. ಕಕ್ಷೆಯು ವೃತ್ತವೆಂದು ಮೊದಲೇ ಭಾವಿಸಿ ಲೆಕ್ಕ ಮಾಡಿದವರ ಸೂಚನೆಗಳು ಫಲಿಸಲಿಲ್ಲ. ಗೌಸರು ಅಂತಹ ಪೂರ್ವಭಾವನೆಯನ್ನು ಬಿಟ್ಟು, ಆಯ್ದ ಮೂರು ವೀಕ್ಷಣೆಗಳಿಂದ ಒಂದು ಸ್ಥೂಲ ಕಕ್ಷೆಯನ್ನು ಪಡೆದು, ಅದನ್ನು ಉಳಿದ ವೀಕ್ಷಣೆಗಳೊಡನೆ ಹೋಲಿಸಿ ಹಂತ ಹಂತವಾಗಿ ತಿದ್ದಿದರು. ಅವರು ಸೂಚಿಸಿದ ಸ್ಥಾನ ಇತರರು ಸೂಚಿಸಿದ್ದಕ್ಕಿಂತ ಬಹು ದೂರದಲ್ಲಿತ್ತು. 1801ರ ಡಿಸೆಂಬರಿನಲ್ಲಿ ಫಾನ್ ಟ್ಸಾಖ್ ಅವರೂ, ಮರುವರ್ಷದ ಮೊದಲ ದಿನ ಓಲ್ಬರ್ಸ್ ಅವರೂ ಸಿರಿಸನ್ನು ಗೌಸರು ಹೇಳಿದ ಎಡೆಗೆ ಸಮೀಪದಲ್ಲಿಯೇ ಮತ್ತೆ ಕಂಡರು. ಇಪ್ಪತ್ತನಾಲ್ಕರ ತರುಣನ ಕೀರ್ತಿ ಒಮ್ಮೆಲೇ ಯೂರೋಪಿನಾದ್ಯಂತ ಹಬ್ಬಿತು.

ಈ ವಿಧಾನವನ್ನು ಗೌಸರು 1809ರಲ್ಲಿ ಪ್ರಕಟಿಸಿದ ಗ್ರಹಚಲನೆಯ ಗ್ರಂಥದಲ್ಲಿ ಶಾಸ್ತ್ರೋಕ್ತವಾಗಿ ನಿರೂಪಿಸಿದರು. ಅಳತೆ ಹೇಳುವುದಕ್ಕೂ ಲೆಕ್ಕ ಹೇಳುವುದಕ್ಕೂ ನಡುವೆ ಉಳಿಯುವ ವ್ಯತ್ಯಾಸಕ್ಕೆ ಶೇಷವೆಂದು ಹೆಸರು. ಎಲ್ಲ ಶೇಷಗಳ ವರ್ಗಗಳ ಮೊತ್ತ ಅತ್ಯಂತ ಕಡಿಮೆಯಾಗುವಂತೆ ಅಜ್ಞಾತ ರಾಶಿಗಳನ್ನು ಆರಿಸುವುದೇ ಕನಿಷ್ಠ ವರ್ಗಗಳ ವಿಧಾನ. ಮುಂದೆ ರಿಗ್ರೆಷನ್ ಎಂಬ ಹೆಸರಿನಿಂದ ಸಂಖ್ಯಾಶಾಸ್ತ್ರದಲ್ಲಿ ಬೆಳೆದ ಲೆಕ್ಕಗಳಿಗೆಲ್ಲ ಇದೇ ಮೂಲ. ಸಂಬಂಧ ಸರಳರೇಖೆಯಂತಿದ್ದರೆ ಉತ್ತರ ಒಂದೇ ಸಲಕ್ಕೆ ದೊರೆಯುತ್ತದೆ. ಗ್ರಹಕಕ್ಷೆಯಂತೆ ಬಾಗಿದ ಸಂಬಂಧವಾದರೆ ಹಾಗೆ ದೊರೆಯದು. ಆಗ ಮೊದಲು ಒಂದು ಸಮೀಪದ ಉತ್ತರವನ್ನು ಹಿಡಿಯಬೇಕು. ಅದರ ನೆರೆಯಲ್ಲಿ ಬಾಗಿದ ದಾರಿಯನ್ನು ನೇರವೆಂದು ಎಣಿಸಿ ಸಣ್ಣ ತಿದ್ದುಪಡಿಯನ್ನು ಕಂಡುಹಿಡಿಯಬೇಕು. ತಿದ್ದುಪಡಿ ದೊಡ್ಡದಾಗಿ ಬಂದರೆ ಹೊಸ ಉತ್ತರದಿಂದ ಅದೇ ಕೆಲಸವನ್ನು ಮತ್ತೆ ಮಾಡಬೇಕು. ಸುತ್ತಿನಿಂದ ಸುತ್ತಿಗೆ ತಿದ್ದುಪಡಿ ಕಿರಿದಾಗಿ ಉತ್ತರ ಒಂದೆಡೆ ನೆಲೆಗೊಳ್ಳುವುದನ್ನು ಗಣಿತಜ್ಞರು ಅಭಿಸರಣವೆಂದು ಕರೆಯುತ್ತಾರೆ.

ಈ ಕ್ರಮದ ಬಲವೂ ದೌರ್ಬಲ್ಯವೂ ಒಂದೇ ಕಡೆ ಇವೆ. ಬಾಗಿದ ದಾರಿಯ ಸಣ್ಣ ತುಂಡು ನೇರವಾಗಿ ಕಾಣುವುದು ನಿಜ. ಇಡೀ ದಾರಿ ನೇರವಲ್ಲ. ಆರಂಭದ ಊಹೆ ದೂರವಿದ್ದರೆ ತಿದ್ದುಪಡಿ ಗುರಿಯನ್ನು ದಾಟಿ ಹಾರುತ್ತದೆ, ಮರುಸುತ್ತಿನಲ್ಲಿ ಇನ್ನೊಂದು ಕಡೆಗೆ ಹಾರುತ್ತದೆ. ಲೆಕ್ಕ ಎಂದಿಗೂ ನಿಲ್ಲುವುದಿಲ್ಲ. ಆದಕಾರಣವೇ ಗೌಸರು ತಮ್ಮ ಶ್ರಮದ ಬಹುಭಾಗವನ್ನು ಆರಂಭದ ಕಕ್ಷೆಯನ್ನು ಒಳ್ಳೆಯದಾಗಿ ಪಡೆಯುವುದಕ್ಕೆ ಮೀಸಲಿಟ್ಟರು. ಕಡೆಯ ತಿದ್ದುವಿಕೆಗಿಂತ ಮೊದಲ ಹೆಜ್ಜೆಗೆ ಹೆಚ್ಚು ಗಮನ ಕೊಟ್ಟುದೇ ಸಿರಿಸಿನ ವಿಜಯದ ರಹಸ್ಯ.

ಈ ಕೀರ್ತಿಯ ವರ್ಷಗಳೇ ಗೌಸರಿಗೆ ದುಃಖದ ವರ್ಷಗಳೂ ಆದವು. 1806ರ ಅಕ್ಟೋಬರಿನಲ್ಲಿ ನೆಪೋಲಿಯನ್ನನ ಸೈನ್ಯದೊಡನೆ ನಡೆದ ಔವರ್‌ಸ್ಟೆಡ್ಟ್ ಯುದ್ಧದಲ್ಲಿ ಅವರ ಆಶ್ರಯದಾತರು ತೀವ್ರವಾಗಿ ಗಾಯಗೊಂಡು ಮುಂದಿನ ತಿಂಗಳು ತೀರಿಕೊಂಡರು. 1807ರಲ್ಲಿ ಗೌಸರು ಗಟಿಂಗೆನ್ನಿನ ಪ್ರಾಧ್ಯಾಪಕರಾಗಿಯೂ ವೀಕ್ಷಣಾಲಯದ ನಿರ್ದೇಶಕರಾಗಿಯೂ ನೇಮಕಗೊಂಡರು. ಕೂಡಲೇ ಫ್ರೆಂಚ್ ಆಡಳಿತ ಅವರ ಮೇಲೆ 2000 ಫ್ರಾಂಕುಗಳ ಯುದ್ಧಕಾಣಿಕೆಯನ್ನು ಹೇರಿತು. ಓಲ್ಬರ್ಸರು ಕಳುಹಿಸಿದ ಹಣವನ್ನು ಅವರು ಹಿಂದಿರುಗಿಸಿದರು. ಪ್ಯಾರಿಸ್ಸಿನಲ್ಲಿ ಲಾಪ್ಲಾಸರು ತಾವೇ ಆ ಹಣವನ್ನು ಕಟ್ಟಿದಾಗಲೂ ಆ ಋಣವನ್ನು ಉಳಿಸಿಕೊಳ್ಳಲು ಒಪ್ಪಲಿಲ್ಲ. 1808ರಲ್ಲಿ ತಂದೆ ತೀರಿಕೊಂಡರು. 1809ರಲ್ಲಿ ಪತ್ನಿ ಜೊಹಾನ್ನಾ ಮೂರನೆಯ ಮಗುವನ್ನು ಹೆತ್ತು ಕಣ್ಮುಚ್ಚಿದರು. ಆ ಶಿಶುವೂ ಬಹುಕಾಲ ಬದುಕಲಿಲ್ಲ. ಮಹಾಗ್ರಂಥವು ಪ್ರಕಟವಾದ ವರ್ಷವೇ ಮನೆ ಬರಿದಾಯಿತು. ಮುಂದೆ ಅವರು ಮಿನ್ನಾ ವಾಲ್ಡೆಕ್ ಅವರನ್ನು ವಿವಾಹವಾಗಿ ಸಂಸಾರವನ್ನು ಮತ್ತೆ ಕಟ್ಟಿಕೊಂಡರೂ ಮೊದಲಿನ ಹರ್ಷ ಮರಳಲಿಲ್ಲವೆಂದು ಜೀವನಚರಿತ್ರಕಾರರು ತಿಳಿಸುತ್ತಾರೆ.

ಆ ಗ್ರಂಥ ಒಂದು ವಿವಾದಕ್ಕೂ ಎಡೆಮಾಡಿಕೊಟ್ಟಿತು. ಕನಿಷ್ಠ ವರ್ಗಗಳ ವಿಧಾನವನ್ನು ಮೊದಲು ಪ್ರಕಟಿಸಿ, ಅದಕ್ಕೆ ಆ ಹೆಸರನ್ನಿಟ್ಟವರು ಫ್ರಾನ್ಸಿನ ಲೆಜಾಂಡ್ರ್. ಅದು 1805ರ ಮಾತು. 1809ರಲ್ಲಿ ಗೌಸರು ತಾವು ಅದನ್ನು 1795ರಿಂದಲೇ ಬಳಸುತ್ತಿದ್ದುದಾಗಿ ಬರೆದರು. ಲೆಜಾಂಡ್ರರು ನೊಂದುಕೊಂಡರು. ಪೂರ್ಣವಾಗದುದನ್ನು ಹೊರಗೆಡಹಬಾರದೆಂಬುದು ಗೌಸರ ನಿಯಮವಾಗಿತ್ತು. ಅದರಿಂದ ಅವರ ಕೃತಿಗಳಿಗೆ ಪರಿಪೂರ್ಣತೆ ಬಂದಂತೆ ಇತರರ ಶ್ರಮಕ್ಕೆ ನೋವೂ ಬಂದಿತು. ಮಹಾಪುರುಷರ ಬಾಳಿನಲ್ಲಿಯೂ ಇಂತಹ ಶೇಷಗಳು ಉಳಿಯುತ್ತವೆ. ಅವನ್ನು ಮರೆಮಾಚುವುದು ಅವರಿಗೆ ಸಲ್ಲಿಸುವ ಗೌರವವಲ್ಲ.

1818ರಿಂದ ಹ್ಯಾನೋವರ್ ರಾಜ್ಯದ ಭೂಮಾಪನದ ಹೊಣೆ ಗೌಸರ ಪಾಲಿಗೆ ಬಂದಿತು. ವೀಕ್ಷಣಾಲಯದ ಶಾಂತಿಯನ್ನು ಬಿಟ್ಟು ಅವರು ಬಿಸಿಲು ಮಳೆಗಳಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ತಿರುಗಿ ಕೋನಗಳನ್ನಳೆದರು. ದೂರದ ಶಿಖರಕ್ಕೆ ಸೂರ್ಯಕಿರಣವನ್ನು ಪ್ರತಿಫಲಿಸಿ ಗುರುತು ಕಾಣಿಸುವ ಹೀಲಿಯೊಟ್ರೋಪ್ ಎಂಬ ಉಪಕರಣವನ್ನು 1821ರಲ್ಲಿ ನಿರ್ಮಿಸಿದರು. ಬ್ರೊಕೆನ್, ಹೊಹೆನ್‌ಹಾಗೆನ್, ಇನ್ಸೆಲ್ಸ್‌ಬರ್ಗ್ ಎಂಬ ಮೂರು ಶಿಖರಗಳ ನಡುವಿನ ಅವರ ಪ್ರಸಿದ್ಧ ತ್ರಿಭುಜದ ಅತ್ಯಂತ ಉದ್ದದ ಭುಜ ಸುಮಾರು 107 ಕಿಲೋಮೀಟರ್. ಇಂತಹ ತ್ರಿಭುಜಗಳ ಜಾಲದಲ್ಲಿ ಅಜ್ಞಾತ ರಾಶಿಗಳ ಸಂಖ್ಯೆ ಬೆಳೆಯುತ್ತ ಹೋಗಿ, ಸಮೀಕರಣಗಳನ್ನು ಒಂದೊಂದಾಗಿ ಕಳೆದು ಬಿಡಿಸುವ ಹಳೆಯ ಕ್ರಮ ಅಸಹನೀಯವಾಯಿತು.

1823ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ಸಿನ ಮರುದಿನ, ಮಾರ್ಬರ್ಗಿನಲ್ಲಿದ್ದ ತಮ್ಮ ಹಿಂದಿನ ಶಿಷ್ಯ ಗೆರ್ಲಿಂಗ್ ಅವರಿಗೆ ಗೌಸರು ಬರೆದ ಪತ್ರದಲ್ಲಿ ಬೇರೊಂದು ದಾರಿ ಇದೆ. ಎಲ್ಲ ಅಜ್ಞಾತಗಳಿಗೂ ಒಂದು ಸ್ಥೂಲ ಬೆಲೆಯನ್ನಿಟ್ಟು, ಎಲ್ಲಿ ಶೇಷ ಹೆಚ್ಚಾಗಿ ತಗ್ಗುವುದೋ ಆ ಒಂದು ರಾಶಿಯನ್ನು ಮಾತ್ರ ತಿದ್ದುವುದು. ಅದರ ಪರಿಣಾಮವನ್ನು ಉಳಿದ ಸಾಲುಗಳಲ್ಲಿ ಬರೆದುಕೊಂಡು, ಮತ್ತೆ ಹೆಚ್ಚು ಶೇಷವಿರುವ ರಾಶಿಗೆ ಕೈಹಚ್ಚುವುದು. ಆ ಸಮೀಕರಣಗಳ ರಚನೆಯಿಂದಾಗಿ ಶೇಷಗಳ ಮೊತ್ತ ಯಾವಾಗಲೂ ಸೊನ್ನೆಯಾಗಿರಬೇಕು. ಎಲ್ಲಿಯಾದರೂ ಕೈತಪ್ಪಾದರೆ ಅದು ಕೂಡಲೇ ಬಯಲಾಗುತ್ತದೆ. ಕೆಲಸ ಎಷ್ಟು ಸುಗಮವೆಂದರೆ ಅರೆನಿದ್ರೆಯಲ್ಲಿಯೂ ಮಾಡಬಹುದೆಂದು ಅವರು ಶಿಷ್ಯನಿಗೆ ವಿನೋದದಿಂದ ತಿಳಿಸಿದ್ದರು. 1874ರಲ್ಲಿ ಸೈಡೆಲ್ ಎಂಬ ವಿದ್ವಾಂಸರು ಪ್ರಕಟಿಸಿದ ಇದೇ ಬಗೆಯ ಕ್ರಮಕ್ಕೆ ಇಂದು ಇಬ್ಬರ ಹೆಸರೂ ಸೇರಿಕೊಂಡಿದೆ. ಕನಿಷ್ಠ ವರ್ಗಗಳ ಸಮೀಕರಣಗಳಿಗೆ ಒಂದೇ ನಿಶ್ಚಿತ ಉತ್ತರವಿದ್ದಲ್ಲಿ ಈ ಕ್ರಮ ನೆಲೆಗೊಳ್ಳದೆ ಇರುವುದಿಲ್ಲ. ಆದರೆ ಎರಡು ಅಜ್ಞಾತಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿದ್ದರೆ ಅದರ ನಡಿಗೆ ಬಸವನಹುಳುವಿನದಾಗುತ್ತದೆ.

ಗೌಸರ ಅನಂತರ ಈ ವಿದ್ಯೆ ನೂರು ಕವಲುಗಳಾಗಿ ಬೆಳೆಯಿತು. 1935ರಲ್ಲಿ ಇಂಗ್ಲೆಂಡಿನ ಆರ್. ಎ. ಫಿಷರ್ ಕೀಟನಾಶಕ ಪ್ರಯೋಗಗಳ ಲೆಕ್ಕಕ್ಕೆ ಇದೇ ತಿದ್ದುವ ಕ್ರಮವನ್ನು ಹೊಂದಿಸಿಕೊಟ್ಟರು. 1972ರಲ್ಲಿ ನೆಲ್ಡರ್ ಮತ್ತು ವೆಡರ್‌ಬರ್ನ್, ರಿಗ್ರೆಷನ್ನಿನ ಹಲವು ಬಗೆಗಳನ್ನು ತೂಕವಿಟ್ಟ ಕನಿಷ್ಠ ವರ್ಗಗಳ ಪುನರಾವರ್ತನೆಯಿಂದ ಬಿಡಿಸಬಹುದೆಂದು ತೋರಿಸಿದರು. ತಿದ್ದುಪಡಿ ಗುರಿ ದಾಟಿ ಹಾರುವ ದೋಷಕ್ಕೆ 1944ರಲ್ಲಿ ಲೆವೆನ್‌ಬರ್ಗ್ ಅವರೂ 1963ರಲ್ಲಿ ಮಾರ್ಕ್ವಾರ್ಟ್ ಅವರೂ ಪರಿಹಾರ ಕಂಡುಹಿಡಿದರು: ಹೆಜ್ಜೆಗೆ ಕಡಿವಾಣ ಹಾಕಿ, ಶೇಷ ತಗ್ಗಿದರೆ ಸಡಿಲಿಸಿ, ಹೆಚ್ಚಿದರೆ ಬಿಗಿಗೊಳಿಸುವುದು.

ಇಂದು ಗಣಕಯಂತ್ರ ಕ್ಷಣಾರ್ಧದಲ್ಲಿ ಸಾವಿರ ಸುತ್ತುಗಳನ್ನು ಮುಗಿಸುತ್ತದೆ. ಆದರೂ ಉತ್ತರ ನೆಲೆಗೊಳ್ಳಲಿಲ್ಲವೆಂಬ ಎಚ್ಚರಿಕೆ ಆಗಾಗ ಬರುತ್ತದೆ. ಸುತ್ತುಗಳ ಸಂಖ್ಯೆಯನ್ನು ಹೆಚ್ಚಿಸುವುದೊಂದೇ ಅನೇಕರು ಮಾಡುವ ಉಪಾಯ. ಬಹಳ ಸಲ ಅದು ವ್ಯರ್ಥ. ಗೌಸರ ಮಾರ್ಗದಲ್ಲಿ ನಡೆಯುವವರು ಮೊದಲು ಕಾರಣವನ್ನು ಹುಡುಕುತ್ತಾರೆ. ಆರಂಭದ ಬೆಲೆ ದೂರವಿದೆಯೇ? ಹಾಗಿದ್ದರೆ ಚಿತ್ರ ಬರೆದು ನೋಡಿಯೋ ಸರಳ ಮಾದರಿಯೊಂದನ್ನು ಬಿಡಿಸಿಯೋ ಸಮೀಪದ ಬೆಲೆಯನ್ನು ಹಿಡಿಯಬೇಕು. ಒಂದು ಅಂಕಣದಲ್ಲಿ ಲಕ್ಷಗಳೂ ಇನ್ನೊಂದರಲ್ಲಿ ದಶಮಾಂಶಗಳೂ ಇವೆಯೇ? ಸರಾಸರಿಯನ್ನು ಕಳೆದು, ಎಲ್ಲವನ್ನೂ ಒಂದೇ ಪ್ರಮಾಣಕ್ಕೆ ತರಬೇಕು. ಮಕ್ಕಳ ಎತ್ತರವನ್ನು ಮೀಟರಿನಲ್ಲೊಮ್ಮೆ, ಸೆಂಟಿಮೀಟರಿನಲ್ಲೊಮ್ಮೆ ಎರಡು ಅಂಕಣಗಳಾಗಿ ಬರೆದಂತೆ ಒಂದೇ ಸಂಗತಿ ಎರಡು ಹೆಸರಿನಲ್ಲಿ ಸೇರಿಕೊಂಡಿದೆಯೇ? ಯಾವುದರ ಪಾಲು ಎಷ್ಟೆಂದು ಯಾವ ಯಂತ್ರವೂ ನಿರ್ಣಯಿಸಲಾರದು, ಒಂದನ್ನು ಬಿಡಲೇಬೇಕು.

ಇವೆಲ್ಲಕ್ಕಿಂತ ಸೂಕ್ಷ್ಮವಾದ ಸಂದರ್ಭವೊಂದಿದೆ. ಓದಿದ ಗಂಟೆಗಳಿಂದ ತೇರ್ಗಡೆಯ ಸಂಭವವನ್ನು ಲೆಕ್ಕಹಾಕುವಾಗ, ನಿರ್ದಿಷ್ಟ ಗಂಟೆಗಳಿಗಿಂತ ಹೆಚ್ಚು ಓದಿದವರೆಲ್ಲ ತೇರ್ಗಡೆಯಾಗಿ, ಉಳಿದವರೆಲ್ಲ ಅನುತ್ತೀರ್ಣರಾಗಿದ್ದಾರೆನ್ನೋಣ. ಆಗ ಗುಣಾಂಕವನ್ನು ಎಷ್ಟು ಹೆಚ್ಚಿಸಿದರೂ ಹೊಂದಿಕೆ ಮತ್ತಷ್ಟು ಉತ್ತಮಗೊಳ್ಳುತ್ತಲೇ ಹೋಗುತ್ತದೆ. ಉತ್ತರ ಅನಂತದ ಕಡೆಗೆ ಓಡುತ್ತದೆ. ಇಲ್ಲಿ ಲೆಕ್ಕದ ದೋಷವಿಲ್ಲ, ಯಂತ್ರದ ದೋಷವೂ ಇಲ್ಲ. ಇರುವ ದತ್ತಾಂಶ ಆ ಪ್ರಶ್ನೆಗೆ ಮಿತವಾದ ಉತ್ತರವನ್ನು ಕೊಡಲಾರದು. ಹೆಚ್ಚಿನ ವೀಕ್ಷಣೆಗಳನ್ನು ಕೂಡಿಸಬೇಕು, ಇಲ್ಲವೇ 1993ರಲ್ಲಿ ಫರ್ತ್ ಸೂಚಿಸಿದಂತೆ ಗುಣಾಂಕದ ಅತಿರೇಕಕ್ಕೆ ದಂಡ ವಿಧಿಸುವ ವಿಧಾನವನ್ನು ಅನುಸರಿಸಬೇಕು. ನೆಲೆಗೊಳ್ಳದಿರುವುದೂ ಒಂದು ಬಗೆಯ ಉತ್ತರವೇ. ಅದನ್ನು ಆಲಿಸದೆ ಬಲವಂತದಿಂದ ಪಡೆದ ಸಂಖ್ಯೆಯನ್ನು ನಂಬಿದರೆ ಔಷಧದ ಪರಿಣಾಮ, ಬೆಳೆಯ ಇಳುವರಿ ಇವುಗಳ ಬಗೆಗೆ ಮಾಡುವ ತೀರ್ಮಾನಗಳೆಲ್ಲ ದಾರಿ ತಪ್ಪುತ್ತವೆ.

ಈ ಪರಂಪರೆಗೆ ಕನ್ನಡ ನಾಡಿನ ನಂಟೂ ಉಂಟು. 1920ರ ಸೆಪ್ಟೆಂಬರ್ 10ರಂದು ಹೂವಿನ ಹಡಗಲಿಯಲ್ಲಿ ಜನಿಸಿ, 2023ರಲ್ಲಿ ನೂರೆರಡು ವರ್ಷಗಳ ತುಂಬುಬಾಳನ್ನು ಮುಗಿಸಿದ ಸಿ. ಆರ್. ರಾವ್ ಅವರು ಗೌಸರ ಸಮೀಕರಣಗಳಿಗೆ ಒಂದೇ ನಿಶ್ಚಿತ ಉತ್ತರ ಇಲ್ಲದಿರುವಾಗಲೂ ಅವುಗಳಿಂದ ಏನನ್ನು ನಂಬಿಕೆಯಿಂದ ಹೇಳಬಹುದೆಂಬುದನ್ನು ಶಾಸ್ತ್ರೀಯವಾಗಿ ತಿಳಿಸಿಕೊಟ್ಟವರು. ಅವರು ಸುಜಿತ್ ಕುಮಾರ್ ಮಿತ್ರ ಅವರೊಡನೆ ಈ ವಿಷಯವಾಗಿ ಬರೆದ ಗ್ರಂಥ 1971ರಲ್ಲಿ ಪ್ರಕಟವಾಯಿತು.

ಗೌಸರ ಉತ್ತರಜೀವನ ಗಟಿಂಗೆನ್ನಿನಲ್ಲಿಯೇ ಕಳೆಯಿತು. 1833ರಲ್ಲಿ ವೇಬರ್ ಅವರೊಡನೆ ಸೇರಿ ವಿದ್ಯುತ್ಕಾಂತ ತಂತಿಯ ಸಂದೇಶವ್ಯವಸ್ಥೆಯನ್ನು ನಡೆಸಿ ತೋರಿದರು. ಬೋಧನೆಯಲ್ಲಿ ಅವರಿಗೆ ಅಷ್ಟಾಗಿ ಒಲವಿರದಿದ್ದರೂ ರೀಮಾನ್, ಡೆಡೆಕಿಂಡ್ ಅವರಂತಹ ಶಿಷ್ಯರು ಅವರಿಗೆ ದೊರೆತರು. ಬರೆಯಲು ಬಾರದ ಆ ತಾಯಿಯನ್ನು 1817ರಿಂದ 1839ರವರೆಗೆ, ಆಕೆ ಕೊನೆಯುಸಿರೆಳೆಯುವ ತನಕ, ತಮ್ಮ ಬಳಿಯಲ್ಲಿಯೇ ಇರಿಸಿಕೊಂಡು ಸೇವೆ ಮಾಡಿದರು. 1855ರ ಫೆಬ್ರವರಿ 23ರಂದು ತಮ್ಮ ಎಪ್ಪತ್ತೇಳನೆಯ ವಯಸ್ಸಿನಲ್ಲಿ ಗೌಸರು ನಿದ್ರೆಯಲ್ಲಿಯೇ ಶಾಂತವಾಗಿ ಇಹಲೋಕವನ್ನು ತ್ಯಜಿಸಿದರು.

ಒಳ್ಳೆಯ ಆರಂಭ, ಮಿತವಾದ ಹೆಜ್ಜೆ, ಸಾಕಷ್ಟು ಸಾಮಗ್ರಿ, ತಪ್ಪನ್ನು ಒಪ್ಪಿ ತಿದ್ದಿಕೊಳ್ಳುವ ತಾಳ್ಮೆ, ಇವು ಲೆಕ್ಕ ನೆಲೆಗೊಳ್ಳಲು ಬೇಕಾದ ಸಾಧನಗಳು. ಮಗುವಿನ ಬಾಳು ನೆಲೆಗೊಳ್ಳುವುದಕ್ಕೂ ಬೇಕಾದವು ಇವೇ ಅಲ್ಲವೇ? ಗೌಸರ ಬಾಳಿಗೆ ಆ ಒಳ್ಳೆಯ ಆರಂಭವನ್ನು ಒದಗಿಸಿದವರು ಒಬ್ಬ ಬಿಗಿ ಸ್ವಭಾವದ ಉಪಾಧ್ಯಾಯರು, ಒಬ್ಬ ತರುಣ ಸಹಾಯಕರು, ಒಬ್ಬ ಉದಾರ ದೊರೆ. ಸಿರಿಸನ್ನು ಮತ್ತೆ ತೋರಿಸಿಕೊಟ್ಟ ಕೀರ್ತಿಯಲ್ಲಿ ಆ ಮೂವರಿಗೂ ಪಾಲಿದೆ.